ಎರಡು ನಕ್ಷೆ, ಒಂದು ತಾರಸಿ

ಸೂಳಗಿರಿಯ ಹೊಸ ಕಾರ್ಖಾನೆಗೆ ತಾರಸಿ ಕಾಂಕ್ರೀಟ್ ಹಾಕಬೇಕಿದ್ದ ದಿನ ಆಕಾಶ ತಿಳಿಯಾಗಿತ್ತು. ಸೈಟ್ ಎಂಜಿನಿಯರ್ ಆದ ನಾನು ಬೇಡವೆಂದೆ. ಫೋನಿನಲ್ಲಿ ಒಂದು ಹವಾಮಾನ ಮುನ್ಸೂಚನೆಯ ನಕ್ಷೆ ಮಧ್ಯಾಹ್ನ ಜೋರು ಮಳೆ ತೋರಿಸುತ್ತಿತ್ತು, ಇನ್ನೊಂದು ಬರೀ ಮೋಡ.

"ಎರಡ್ರಾಗೆ ಯಾವ್ದುನ್ನ ನಂಬೋದು ಮೇಡಂ?" ಎಂದರು ಮೇಸ್ತ್ರಿ ಮುನಿಯಪ್ಪ.

ಎರಡು ತಿಂಗಳಿಂದ ದಿನವೂ ಎರಡು ನಕ್ಷೆಗಳು ಹೇಳಿದ್ದನ್ನೂ ಸೈಟಿನಲ್ಲಿ ನಿಜಕ್ಕೂ ಸುರಿದದ್ದನ್ನೂ ನಾನು ಬರೆದಿಟ್ಟಿದ್ದೆ. ಆ ನೋಟ್‌ಬುಕ್ ತೋರಿಸಿದೆ. "ಇವತ್ತು ಮಳೆ ಅಂತಿದೆಯಲ್ಲ, ಅದೇ ಹೆಚ್ಚು ಸಲ ಸರಿಯಾಗಿದೆ, ನೋಡಿ."

ಅವರು ಗೊಣಗುತ್ತಲೇ ಕೆಲಸ ನಿಲ್ಲಿಸಿದರು. ಕಾಂಕ್ರೀಟ್ ಹಾಕಿದ್ದರೆ ಮೂರು ಗಂಟೆಗೆ ಸುರಿದ ಮಳೆಗೆ ಹಸಿಯಾಗಿದ್ದಾಗಲೇ ಪೂರ್ತಿ ಕೆಟ್ಟುಹೋಗುತ್ತಿತ್ತು. ಮುನಿಯಪ್ಪ ಆಳುಗಳಿಗೆ, "ನಮ್ ಮೇಡಂ ಹೇಳಿದ್ರೆ ತಪ್ಪಲ್ಲ ಕಣ್ರಲಾ" ಎಂದಾಗ ನನ್ನ ಎದೆ ಉಬ್ಬಿತು.

ಮುಂದಿನ ವಾರ ಅವರು ಆರು ತಿಂಗಳಾಚೆಯ ಮಗಳ ಮದುವೆಗೆ ಮಳೆಯಿಲ್ಲದ ದಿನ ಕೇಳಿದರು. ಅಷ್ಟು ದೂರ ನನಗೂ ಕಾಣಿಸದು ಎನ್ನಲು ಮನಸ್ಸೇ ಬರಲಿಲ್ಲ.