ಹನ್ನೆರಡನೆಯ ಕಂಬದ ಮುಕ್ಕಾಲು ಇಂಚು

ವಸ್ತುಸಂಗ್ರಹಾಲಯದ ಮುಂದೆ ಹದಿನೇಳು ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಹನ್ನೆರಡು ದುಂಡು ಕಂಬ, ಅವುಗಳ ತಲೆಯ ಮೇಲೆ ಊರಿಗೆಲ್ಲ ಕಾಣುವ ತ್ರಿಕೋನದ ಮುಡಿ. ಆ ಕಂಬಗಳ ಗಾರೆ ಕೆಲಸ, ಊರವರು ಗಾರೆಯಕ್ಕ ಎಂದು ಕರೆಯುವವಳ ಮಾವನದಾಗಿತ್ತು. ಅವರ ಮಗ, ಅಂದರೆ ಅಕ್ಕನ ಗಂಡ, ಏಣಿಯ ಮೂರನೆಯ ಮೆಟ್ಟಿಲಿಗೇ ಕಣ್ಣು ಮುಚ್ಚಿಕೊಳ್ಳುವ ಆಸಾಮಿ. ಹಾಗಾಗಿ ಗಾರೆ ಮೆತ್ತುವ ಮಾವನ ಕರಣೆ ಸೀದಾ ಸೊಸೆಯ ಕೈಗೆ ಬಂತು. ಮೂವತ್ತನಾಲ್ಕು ವರ್ಷವಾಯಿತು.

ಕರಣೆಯ ಜೊತೆಗೆ ಬಂದದ್ದು ಕಂಬದುದ್ದದ ಒಂದು ಮರದ ಪಟ್ಟಿ. ಹಸಿ ಗಾರೆಯ ಮೇಲೆ ಅದನ್ನು ಎಳೆದರೆ ಕಂಬಕ್ಕೆ ರೂಪ ಬರುತ್ತದೆ. ಕಂಬಗಳು ನಡುವೆ ತುಸು ಉಬ್ಬಿವೆ. ಅದಕ್ಕೆ ತಕ್ಕಂತೆ ಪಟ್ಟಿಯ ಅಂಚು ನಡುವೆ ಒಳಬಾಗಿತ್ತು. "ಪೂರ್ತಿ ನೇರ ಮಾಡಿದ್ರೆ ರಸ್ತೆಯಿಂದ ನೋಡೋರಿಗೆ ಸೊಂಟ ಸೊರಗಿದ ಹಾಗೆ ಕಾಣುತ್ತಮ್ಮ," ಎಂದು ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಈ ಸಲ ಹನ್ನೆರಡನೆಯ ಕಂಬದ ಗಾರೆ ಉದುರಿತ್ತು. ಅಕ್ಕ ರೂಢಿಯಂತೆ ಪಟ್ಟಿಯನ್ನು ಮೊದಲು ಪಕ್ಕದ ಕಂಬಕ್ಕೆ ಹಿಡಿದು ನೋಡಿದಳು. ಅದು ನಡುವೆ ಮಾತ್ರ ತಾಗಿ, ಎರಡೂ ತುದಿ ತೂಗಾಡಿತು.

"ಯಾರೋ ಇದನ್ನ ಹೆರೆದಿದ್ದು?"

ಏಣಿ ಹಿಡಿದಿದ್ದ ಬಡಗಿ ತಲೆ ಕೆರೆದುಕೊಂಡ. "ಹೊಸ ಇಂಜಿನಿಯರ್ ಸಾಹೇಬ್ರು ಅಕ್ಕ. ನಡುವೆ ಸವೆದುಹೋಗಿದೆ, ನೇರ ಮಾಡು ಅಂದ್ರು."

ಇಂಜಿನಿಯರ್ ಅಷ್ಟರಲ್ಲಿ ಬಂದೇಬಿಟ್ಟ. "ಪಟ್ಟಿ ಸರಿಯಾಗಿದೆ. ಕಂಬಗಳಿಗೇ ಹೊಟ್ಟೆ ಬಂದಿದೆ. ಇದೊಂದನ್ನ ನೇರ ಮಾಡು, ಆಮೇಲೆ ಉಳಿದದ್ದನ್ನೂ ಕೆತ್ತಿಸ್ತೀನಿ. ನಿನ್ನ ಮಾವ ಕುಡಿದು ಮಾಡಿರ್ಬೇಕು."

"ಕುಡಿದವನ ಕೈ ಹನ್ನೊಂದು ಕಂಬಕ್ಕೂ ಒಂದೇ ಥರ ನಡುಗುತ್ತಾ ಸಾರ್?"

ಅಕ್ಕ ದಾರ ತಂದಳು. ಕಂಬದ ಬುಡದಲ್ಲೊಂದು, ನೆತ್ತಿಯಲ್ಲೊಂದು ಎರಡಿಂಚಿನ ಮರದ ತುಂಡು ಇಟ್ಟು, ಅವುಗಳ ಮೇಲೆ ದಾರ ಬಿಗಿದಳು. ಕಂಬ ನೇರವಿದ್ದರೆ ದಾರದ ಹಿಂದಿನ ಸಂದು ಎಲ್ಲ ಕಡೆಯೂ ಎರಡಿಂಚೇ ಇರಬೇಕು. ನಡುವೆ ಒಂದೂಕಾಲು ಬಂತು. ಅಂದರೆ ಉಬ್ಬು ಮುಕ್ಕಾಲು ಇಂಚು. ಏಣಿ ಸರಿಸಿ ಸರಿಸಿ ಹನ್ನೊಂದನ್ನೂ ಅಳೆದಳು. ಹನ್ನೊಂದರಲ್ಲೂ ಒಂದೂಕಾಲು.

"ಒಂದು ಕಂಬಕ್ಕೆ ಹೊಟ್ಟೆ ಬಂದಿದ್ರೆ ತಪ್ಪು. ಎಲ್ಲಕ್ಕೂ ಒಂದೇ ಅಳತೆಯ ಹೊಟ್ಟೆ ಇದ್ರೆ, ಅದು ಕಟ್ಟಿದೋರ ಲೆಕ್ಕ."

"ನೇರ ಮಾಡಿಸ್ತೀನಿ ಅಂತ ಮೇಲಿನೋರಿಗೆ ಬರೆದು ಕೊಟ್ಟಾಗಿದೆ," ಎಂದ ಇಂಜಿನಿಯರ್. ದನಿ ಸ್ವಲ್ಪ ಇಳಿದಿತ್ತು, ಹಟ ಇಳಿದಿರಲಿಲ್ಲ. "ಹೇಳಿದ ಹಾಗೆ ಮಾಡು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ನಾಳೆ ಮಾತು ನಾಳೆಗೆ. ಇವತ್ತು ಕಲಸಿದ ಗಾರೆ ಕಾಯಲ್ಲ."

ಅವಳು ಹನ್ನೊಂದನೆಯ ಕಂಬದಲ್ಲಿ ಅಡಿಗೊಂದರಂತೆ ಸಂದು ಅಳೆದು ಹೊಸ ಮರದ ಮೇಲೆ ಗುರುತು ಹಾಕಿದಳು. ಬಡಗಿ ಇಂಜಿನಿಯರ್ ಮುಖ ನೋಡಿದ, ಅಕ್ಕನ ಮುಖ ನೋಡಿದ, ಗರಗಸ ಎತ್ತಿಕೊಂಡ. ಸಂಜೆಯೊಳಗೆ ಹನ್ನೆರಡನೆಯ ಕಂಬದ ಗಾರೆ ಮುಗಿಯಿತು.

ಮರುದಿನ ಅಕ್ಕ ಎಂದಿನ ಹೊತ್ತಿಗೇ ಬಂದಳು. ಇಂಜಿನಿಯರ್ ಅವಳಿಗಿಂತ ಮೊದಲೇ ಬಂದು ಹನ್ನೆರಡನೆಯ ಕಂಬದ ಏಣಿಯ ಮೇಲಿದ್ದ. ಅವಳದೇ ದಾರ, ಅವಳದೇ ಮರದ ತುಂಡುಗಳು.

"ಎಷ್ಟು ಬಂತು ಸಾರ್?"

"ಒಂದೂಕಾಲು."

"ಗಾರೆ ಇನ್ನೂ ಹಸಿ. ಕೆತ್ತಿಸೋದಿದ್ರೆ ಈಗ್ಲೇ ಬೇರೆಯವರನ್ನ ಕರೆಸಿ. ಸರಿಯಿರೋದನ್ನ ಕೆಡಿಸೋಕೆ ನನ್ನ ಕೈ ಬರಲ್ಲ."

ಅವನು ಇಳಿದು ರಸ್ತೆಯಾಚೆಗೆ ಹೋಗಿ ನಿಂತ. ಹನ್ನೆರಡನ್ನೂ ಬಹಳ ಹೊತ್ತು ನೋಡಿದ. ವಾಪಸ್ ಬಂದು ದಾರ ಸುತ್ತುತ್ತ ಕೇಳಿದ, "ಆ ಹೊಸ ಪಟ್ಟಿ ಎಲ್ಲಿಡ್ತೀರಿ? ಮತ್ತೆ ಯಾರಾದ್ರೂ ನೇರ ಮಾಡಿಬಿಟ್ಟಾರು."

ಅಕ್ಕ ಪಟ್ಟಿಯನ್ನು ತಿರುಗಿಸಿ ಹಿಡಿದಳು. ಅದರ ಬೆನ್ನ ಮೇಲೆ ಬಡಗಿಯ ಕೈಲಿ ಉಳಿಯಿಂದ ಕೊರೆಸಿದ್ದಳು: ಇದು ಸವೆದಿಲ್ಲ. ಡೊಂಕಾಗಿಯೇ ಇರಬೇಕು.