ಬಲಗಡೆಯ ಹೂವಿಗೆ ಮೆತ್ತಿದ ಗಂಧ

ಎಡಗಡೆಯ ಆ ಹೂವನ್ನು ಬೀಳಿಸಿದವನು ನಾನು. ಶಿವನಲ್ಲ, ವಿಧಿಯಲ್ಲ, ನನ್ನ ಕಾದಂಬರಿಗಳಲ್ಲಿ ಓಡಾಡುವ ಯಾವ ದೆವ್ವವೂ ಅಲ್ಲ — ನಾನು, ಈ ಬಲಗೈಯ ಹೆಬ್ಬೆರಳಿನಿಂದ. ಇಪ್ಪತ್ತೆಂಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲೇಬೇಕಾದವಳಿಗೆ ಎರಡು ತಿಂಗಳ ಹಿಂದೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಒಳ್ಳೆಯ ಲೇಖಕ. ವಿನಯ ನನಗೆ ಒಗ್ಗುವುದಿಲ್ಲ, ಈ ವಯಸ್ಸಿನಲ್ಲಿ ಕಲಿಯುವ ಆಸೆಯೂ ಇಲ್ಲ. ದೆವ್ವದ ಕಥೆ ಎಂದರೆ ಮೂಗು ಮುರಿಯುವ ದೊಡ್ಡ ಮನುಷ್ಯರೇ ನನ್ನ ಹನ್ನೊಂದು ಕಾದಂಬರಿಗಳನ್ನು ಕದ್ದುಮುಚ್ಚಿ ಓದಿದ್ದಾರೆ. ಚಾಮರಾಜನಗರದ ಬಸ್ ನಿಲ್ದಾಣದ ಅಂಗಡಿಯವನು ನನ್ನ ಹೊಸ ಪುಸ್ತಕ ಬಂದರೆ ದಿನಪತ್ರಿಕೆಗಳ ಪಕ್ಕದಲ್ಲೇ ನೇತುಹಾಕುತ್ತಾನೆ. ಓದುವವರು ಹೆದರುವುದು ದೆವ್ವಕ್ಕಲ್ಲ. ಇದು ಹೀಗೇ ಆಗಬೇಕಿತ್ತು, ಬೇರೆ ದಾರಿಯೇ ಇರಲಿಲ್ಲ ಎನ್ನುವ ಭಾವನೆಗೆ. ಅದನ್ನು ಹುಟ್ಟಿಸುವ ಕೈಚಳಕ ನನಗಿದೆ. ಆ ಕೈಚಳಕವನ್ನು ಮೊಟ್ಟಮೊದಲು ಯಾರ ಮೇಲೆ ಪ್ರಯೋಗಿಸಿದೆ ಎಂಬುದನ್ನೇ ಹೇಳಹೊರಟಿದ್ದೇನೆ.

ಗುಂಡ್ಲುಪೇಟೆಗೆ ಹತ್ತಿರದ ನಮ್ಮೂರಿನಲ್ಲಿ ಈಶ್ವರನ ಗುಡಿಯ ಪೂಜೆ ನಮ್ಮ ಮನೆಯದು. ಮದುವೆ, ಮನೆ ಕಟ್ಟುವುದು, ಬೋರ್‌ವೆಲ್ ಕೊರೆಸುವುದು — ಏನಿದ್ದರೂ ಊರವರು ಬಂದು ಹೂ ಕೇಳುತ್ತಾರೆ. ಲಿಂಗದ ಎಡಕ್ಕೊಂದು ಬಲಕ್ಕೊಂದು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡ. ಬಿದ್ದ ಮೇಲೆ ಎರಡನೆಯ ಮಾತಿಲ್ಲ.

ನನ್ನ ಅಕ್ಕ ಮಂಗಳಾ ನನಗಿಂತ ಎರಡು ವರ್ಷ ದೊಡ್ಡವಳು. ಆಗ ಅವಳಿಗೆ ಇಪ್ಪತ್ತಾರು. ಸಂಜೆ ಅವರೆಕಾಯಿ ಬಿಡಿಸುತ್ತ ಕಥೆ ಹೇಳುತ್ತಿದ್ದಳು. ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಾಡಂಚಿನಲ್ಲಿ, ಸತ್ತ ಮೇಲೂ ದಿನಾ ಬಂದು ತನ್ನ ದನಗಳನ್ನು ಎಣಿಸುವ ಒಬ್ಬ ಹೆಂಗಸು. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ. ಅದು ಯಾರಿಂದಲೋ ಕೇಳಿದ್ದಲ್ಲ, ಅವಳೇ ಕಟ್ಟಿದ್ದು. ನಾನು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ವಾಕ್ಯಗಳು ನನ್ನವು, ಅದನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ — ಆದರೆ ಕಥೆಯ ಜೀವ ಅವಳದು. ಆಮೇಲೆ ಆ ಹೆಂಗಸು ಏನು ಮಾಡುತ್ತಾಳೆ ಎಂದು ಪೀಡಿಸಿದರೆ ಅಕ್ಕ ನಗುತ್ತಿದ್ದಳು.

“ನಂಗೇನ್ ಗೊತ್ತು ಕಣಪ್ಪ? ಅದು ಅವಳಿಷ್ಟ. ನೀ ಅಡ್ಡ ನಿಂತ್ಕಬ್ಯಾಡ, ಅವಳ ಪಾಡಿಗೆ ಬುಡು.”

ಕಾದಂಬರಿ ಅರ್ಧಕ್ಕೆ ಬಂದಿತ್ತು. ಮೈಸೂರಿನ ಪ್ರಕಾಶಕರೊಬ್ಬರು ಮುಗಿಸಿ ತನ್ನಿ ಎಂದಿದ್ದರು. ಅದೇ ವಾರ ಅಕ್ಕನಿಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ ಕೆಲಸದ ಆರ್ಡರ್ ಬಂತು — ಚಿಕ್ಕಮಗಳೂರಿಗೆ. ಅವಳು ಆ ಕಾಗದವನ್ನು ದಿನಕ್ಕೆ ಹತ್ತು ಸಲ ಬಿಡಿಸಿ ಓದಿ ಮತ್ತೆ ಮಡಚುತ್ತಿದ್ದಳು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಅಪ್ಪಾಜಿಗೆ ಅರೆಮನಸ್ಸು.

“ನಂದೇನಿಲ್ಲ ಕಣವ್ವ. ಶಿವ ಒಪ್ಪುದ್ರೆ ಓಗು. ಹೂ ಕೇಳ್ಬುಡನ,” ಎಂದರು.

ಅಪ್ಪಾಜಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಹಾಗಾಗಿ ಆ ತಿಂಗಳ ಪೂಜೆ ನನ್ನದು. ಸೋಮವಾರ ಬೆಳಿಗ್ಗೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಗರ್ಭಗುಡಿಯ ಹೊಸ್ತಿಲ ಆಚೆ ನಿಂತರು. ಅಕ್ಕ ಅವರ ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದಿದ್ದಳು. ನಾನು ಬಲಗಡೆಯ ಹೂವಿನ ತೊಟ್ಟಿಗೆ ಚೂರು ಗಂಧ ಮೆತ್ತಿ ಒತ್ತಿದೆ. ಗಂಧ ಒಣಗಿದಷ್ಟೂ ಕಚ್ಚಿಕೊಳ್ಳುತ್ತದೆ. ಎಡಗಡೆಯದನ್ನು ಬರೀ ನೀರಿನಲ್ಲಿ ತೋಯಿಸಿಟ್ಟೆ. ಅಷ್ಟೇ. ದೀಪದ ಕಾವಿಗೆ ಸ್ವಲ್ಪ ಹೊತ್ತಿನಲ್ಲೇ ಎಡಗಡೆಯದು ಜಾರಿತು. ಎಷ್ಟು ನಯವಾಗಿ ಬಿತ್ತೆಂದರೆ — ಹೇಳಲು ನಾಚಿಕೆಯಾಗುತ್ತದೆ — ನನಗೆ ಹೆಮ್ಮೆಯಾಯಿತು.

ಅವಳು ಹೋದರೆ ನನ್ನ ಪುಸ್ತಕ ನಿಂತುಹೋಗುತ್ತದೆ. ಕಾರಣ ಇಷ್ಟೇ. ಪರವೂರಿನಲ್ಲಿ ಒಂಟಿ ಹೆಣ್ಣು, ಏನಾದರೂ ಆದರೆ ಎಂಬ ಕಾಳಜಿಯೂ ಇತ್ತೆಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು.

ಅಕ್ಕ ಬಿದ್ದ ಹೂವನ್ನು ಕೇಳಿ ಪಡೆದು ಕಣ್ಣಿಗೊತ್ತಿಕೊಂಡಳು. “ಆಯ್ತು ಬುಡಿ ಅಪ್ಪಾಜಿ. ಶಿವನೇ ಬ್ಯಾಡ ಅಂದ್ಮೇಲೆ ಇನ್ನೇನದೆ,” ಎಂದಳು. ಆ ಸಂಜೆಯೂ ಅವರೆಕಾಯಿ ಮೊರದ ಮುಂದೆ ಕೂತು ಕಥೆ ಮುಂದುವರಿಸಿದಳು. ಮೂರು ತಿಂಗಳಲ್ಲಿ ಕಾದಂಬರಿ ಮುಗಿಯಿತು. ಕೊನೆಯಲ್ಲಿ ಆ ಹೆಂಗಸು ಎಣಿಸುವುದನ್ನು ಬಿಟ್ಟು, ಹಿಂದಿರುಗಿ ನೋಡದೆ ಹೊರಟುಹೋಗುತ್ತಾಳೆ. ಜನ ಮೆಚ್ಚಿದ್ದು ಆ ಕೊನೆಯನ್ನೇ. ಅದನ್ನು ಹೇಳಿದವಳು ಅಕ್ಕ. ಅವಳ ಹೆಸರು ಪುಸ್ತಕದ ಅರ್ಪಣೆಯಲ್ಲೂ ಇರಲಿಲ್ಲ.

ಆಮೇಲೆ ಅವಳನ್ನು ಚಾಮರಾಜನಗರದ ಅರಿಸಿನ ವ್ಯಾಪಾರದ ಮನೆಗೆ ಕೊಟ್ಟೆವು. ಬಂದ ನೆಂಟರಿಗೆಲ್ಲ ನನ್ನ ಪುಸ್ತಕ ತೋರಿಸಿ, “ನನ್ ತಮ್ಮ ಬರ್ದಿರಾದು,” ಎನ್ನುತ್ತಿದ್ದಳಂತೆ. ಕೆಲಸದ ಮಾತು ಬಂದರೆ ಮಾತ್ರ, ಅಪ್ಪಣೆ ಆಗ್ನಿಲ್ಲ ಎಂದು ಮಾತು ಬದಲಿಸುತ್ತಿದ್ದಳು.

ಈ ವರ್ಷ ಚಾಮರಾಜನಗರದಲ್ಲಿ ಓದುಗರೊಂದಿಗೆ ನನ್ನದೊಂದು ಸಂವಾದ ನಡೆಯಿತು. ಒಬ್ಬಳು ವಿದ್ಯಾರ್ಥಿನಿ ಎದ್ದು ಕೇಳಿದಳು: “ಸರ್, ವಿಧಿ ಅನ್ನೋದು ಇದೆಯಾ? ನಿಮ್ಮ ಪಾತ್ರಗಳಿಗೆ ಸ್ವಂತ ಇಚ್ಛೆ ಇದೆಯಾ?” ಇಂಥ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಸಿದ್ಧ. ವಿಧಿ ಬರೆದಿಟ್ಟಿರುತ್ತದೆ, ಲೇಖಕ ನಕಲು ಮಾಡುತ್ತಾನೆ, ಅಷ್ಟೇ — ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅಕ್ಕನೂ ತಟ್ಟಿದಳು.

ಮುಗಿದ ಮೇಲೆ ಹತ್ತಿರ ಬಂದಳು. ಮಗಳು ಚೈತ್ರಾಗೆ ಫಾರೆಸ್ಟ್ ಗಾರ್ಡ್ ಕೆಲಸವಾಗಿದೆ, ಮದ್ದೂರಿಗೆ ಹಾಕಿದ್ದಾರೆ ಎಂದಳು.

“ಕಾಡಿನ ಕೆಲ್ಸ ಅಂತ ಅವಳಪ್ಪ ಹಿಂದೆಮುಂದೆ ನೋಡ್ತಾವ್ರೆ. ಸೋಮವಾರ ಊರಿಗೆ ಬತ್ತೀವಿ, ನೀನೇ ಹೂ ಇಟ್ಕೊಡು. ನಿನ್ ಕೈಲಿ ಇಟ್ರೆ ಸುಳ್ಳಾಗಲ್ಲ ಕಣಪ್ಪ.”

ಆ ವಾರವೆಲ್ಲ ನಾನು ಲೇಖಕನ ಹಾಗೆಯೇ ಯೋಚಿಸಿದೆ. ಈ ಸಲ ಎಡಗಡೆಯ ಹೂವಿಗೆ ಗಂಧ. ಬಲಗಡೆಯದು ಬೀಳುತ್ತದೆ, ಹುಡುಗಿ ಕೆಲಸಕ್ಕೆ ಹೋಗುತ್ತಾಳೆ, ಅಕ್ಕ ನಗುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಎಂಥ ಒಳ್ಳೆಯ ಮುಕ್ತಾಯ. ಸೋಮವಾರ ಗಂಧವನ್ನೂ ತೇಯ್ದಿಟ್ಟಿದ್ದೆ.

ಅಪ್ಪಾಜಿ ಈಗಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಅಕ್ಕ ನಿಂತಳು. ಕಂಬದ ಪಕ್ಕದಲ್ಲಿ ಚೈತ್ರಾ, ಕೈಯಲ್ಲಿ ಆರ್ಡರ್ ಕಾಗದ — ಅದೇ ಥರ ಮಡಚಿದ್ದು. ಹೂವನ್ನು ನೀರಿನಿಂದ ತೆಗೆದೆ. ಬೆರಳಿನಲ್ಲಿ ಗಂಧವಿತ್ತು. ಮತ್ತೆ ಅದೇ ಬೆರಳು, ಮತ್ತೆ ನಾನೇ... ಅಡ್ಡ ನಿಂತ್ಕಬ್ಯಾಡ ಎಂದಿದ್ದಳಲ್ಲ ಅಕ್ಕ. ಎರಡೂ ಹೂವನ್ನು ತಟ್ಟೆಗೆ ಹಾಕಿ, ಈಚೆ ಬಂದು, ಗಂಧದ ವಿಷಯವನ್ನೂ ಪುಸ್ತಕದ ವಿಷಯವನ್ನೂ ಒಂದೂ ಬಿಡದೆ ಹೇಳಿದೆ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು.

“ಅಂಗಾರೆ ಅವತ್ತು ಶಿವ ಏನೂ ಅಂದೇ ಇರ್ನಿಲ್ವಾ?”

“ಇಲ್ಲಕ್ಕ,” ಎಂದೆ.

ಅವಳು ಮಗಳ ಕಡೆ ತಿರುಗಿದಳು. “ನಿಂಗೆ ಓಗ್ಬೇಕು ಅಂತದಾ?”

“ಊಂ ಕಣಮ್ಮ.”

“ಅಂಗಾರೆ ಓಗು ಕಣಮ್ಮಿ. ಇಲ್ಲಿ ಕೇಳಾದೇನಿಲ್ಲ.”

ತೀರ್ಥವನ್ನೂ ತೆಗೆದುಕೊಳ್ಳದೆ ಇಬ್ಬರೂ ಬಸ್ಸು ಹತ್ತಿದರು. ಅಂದಿನಿಂದ ಅಕ್ಕ ನನ್ನ ಫೋನ್ ಎತ್ತಿಲ್ಲ. ಎತ್ತಬೇಕೆಂದು ಕೇಳುವ ಹಕ್ಕು ನನಗಿಲ್ಲ. ಚೈತ್ರಾ ಮದ್ದೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಖಾಕಿ ತೊಟ್ಟ ಫೋಟೊ ಒಂದನ್ನು ಅವಳೇ ಕಳಿಸಿದಳು. ನನ್ನ ಹನ್ನೊಂದು ಪುಸ್ತಕಗಳನ್ನು ಒಟ್ಟಿಗೆ ನೋಡಿದಾಗಲೂ ಇಷ್ಟು ಹೆಮ್ಮೆಪಟ್ಟವನಲ್ಲ ನಾನು — ಅವಳ ಆ ಕೆಲಸದಲ್ಲಿ ನನ್ನ ಕೈ ಇಲ್ಲ ಎಂಬುದಕ್ಕೇ ಇರಬೇಕು.

ಮೊದಲ ಕಾದಂಬರಿ ಮರುಮುದ್ರಣವಾಗುತ್ತಿದೆ. ಮುಖಪುಟದಲ್ಲಿ ಎರಡು ಹೆಸರಿರುತ್ತದೆ, ಅಕ್ಕನದು ಮೊದಲು. ಈ ಬರಹವೇ ಅದಕ್ಕೆ ಮುನ್ನುಡಿ. ಆ ಹೆಸರು ಓದುಗರಿಗೆ ಗೊತ್ತಿಲ್ಲವಲ್ಲ ಎಂದರು ಪ್ರಕಾಶಕರು. ಗೊತ್ತಾಗಲಿ ಎಂದೆ.

ವಿಧಿ ಇದೆಯೇ ಎಂದು ಇನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಅಕ್ಕ ಶಿವನ ಮಾತೆಂದುಕೊಂಡು ಇಪ್ಪತ್ತೆಂಟು ವರ್ಷ ನಡೆಸಿಕೊಟ್ಟದ್ದು ನನ್ನ ಮಾತನ್ನು. ನಾನು ಬರೆದ ಯಾವ ಸುಳ್ಳನ್ನೂ ಯಾರೂ ಅಷ್ಟು ನಂಬಿಲ್ಲ.