ಸೊಸೆಯ ಎಪ್ಪತ್ತು ಬಲ್ಬು

“ಆರುನೂರೈವತ್ತು ವಾಟ್ ಅಂದ್ರೆ ಎಪ್ಪತ್ತು ಎಲ್‌ಇಡಿ ಬಲ್ಬು ಒಟ್ಟಿಗೆ ಉರ್ದಂಗಾಯ್ತು ಕಣಮ್ಮ. ವಾಪಸ್ ಕಳ್ಸಿಬುಡು,” ಎಂದರು ಮಾವ. ಹಾಲ್ಕುರಿಕೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ಆಗಷ್ಟೇ ಬಂದ, ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬವನ್ನು, ಅಟ್ಟದ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ನೋಡುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು.

ಮದುವೆ ವಿಡಿಯೊಗಳನ್ನು ಎಡಿಟ್ ಮಾಡಲು ಬಿಡಿಭಾಗ ತರಿಸಿ ನಾನೇ ಕಂಪ್ಯೂಟರ್ ಜೋಡಿಸುತ್ತಿದ್ದೆ. ಎಲ್ಲ ಭಾಗಗಳೂ ಸೇರಿ ನಾನೂರೈವತ್ತು ವಾಟ್‌ವರೆಗೆ ಎಳೆಯಬಹುದು, ಅದರ ಮೇಲೆ ಸ್ವಲ್ಪ ಹೆಚ್ಚಿಗೆ ಇರಬೇಕು, ಸಾಲದಿದ್ದರೆ ಕೆಲಸದ ನಡುವೆಯೇ ಆಫ್ ಆಗಿಬಿಡುತ್ತದೆ ಎಂದೆ. ಮಾವನ ಕಣ್ಣು ಮಾತ್ರ ಗೋಡೆಯ ಮೇಲಿನ ಕರೆಂಟ್ ಮೀಟರಿನ ಕಡೆಗೇ ಇತ್ತು.

“ಮಾವ, ಹಬ್ಬದ ದಿನ ಎಷ್ಟು ಒಬ್ಬಟ್ಟು ತಿಂತೀರಿ?”

“ಎಂಟು.”

“ಹಂಗಂತ ದಿನಾ ಎಂಟು ತಿಂತೀರಾ? ಇದೂ ಹಂಗೇ. ಎಷ್ಟು ಬೇಕೋ ಅಷ್ಟೇ ಕರೆಂಟ್ ಎಳ್ಕೊಳ್ಳುತ್ತೆ.”

“ಎಂಟಾದ್ಮೇಲೆ ತಿಂದಿದ್ದನ್ನ ಅವ್ರು ಲೆಕ್ಕಕ್ಕೇ ತಗೊಳ್ಳಲ್ಲ ಬುಡು,” ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ಮಾವ ಡಬ್ಬವನ್ನು ಮೆಲ್ಲಗೆ ನನ್ನ ಮುಂದಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಚಾಲೂ ಆಯಿತು. ನಾನು ಒಂದು ಮದುವೆಯ ವಿಡಿಯೊ ತೆರೆದು ಕುಳಿತೆ. ಅತ್ತೆ ಚಟ್ನಿಗೆಂದು ಮಿಕ್ಸಿ ಹಾಕಲು ಹೋದಾಗ ಮಾವ ಜಗಲಿಯಿಂದಲೇ ಗದರಿದರು: “ಒಸಿ ತಡ್ಕೊಳ್ಳೇ. ಸೊಸೆ ಕೆಲ್ಸ ಮಾಡ್ತವ್ಳೆ.”

ಮಿಕ್ಸಿ ಹಾಕಿದ್ದರೂ ಕರೆಂಟ್ ಸಾಲದೆ ಕಂಪ್ಯೂಟರ್ ಆಫ್ ಆಗುತ್ತಿರಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಈ ಮನೆಗೆ ಬಂದಾಗಿನಿಂದ ನನ್ನ ಎಡಿಟಿಂಗನ್ನು ಅವರು ಕೆಲಸ ಎಂದು ಕರೆದದ್ದು ಅದೇ ಮೊದಲು.